ಮ್ಯಾಟ್ರಿಕ್ಸ್ ಮೊಮೆಂಟ್ ಸಮಸ್ಯೆಯ ಎಲ್ಲ ಪರಿಹಾರಗಳು, ಆಪರೇಟರ್ ದಾರಿಯಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಮೆಂಟ್ ಸಮಸ್ಯೆ ಅಂದರೇನು?

ಸಂಖ್ಯಾರೇಖೆಯ ಮೇಲೆ ಒಂದಿಷ್ಟು ತೂಕ ಹರಡಿದೆ ಅಂದುಕೊಳ್ಳಿ. ಎಲ್ಲಿ ಎಷ್ಟಿದೆ ಎನ್ನುವುದು ಗೊತ್ತಿಲ್ಲ. ಗೊತ್ತಿರುವುದು ಬರೀ ಕೆಲವು ಮೊತ್ತಗಳು. ಒಟ್ಟು ತೂಕ ಎಷ್ಟು, ಪ್ರತಿ ಬಿಂದು ಯ ಅನ್ನು ಅಲ್ಲಿನ ತೂಕದಿಂದ ಗುಣಿಸಿ ಕೂಡಿದರೆ ಎಷ್ಟು, ಯ ಬದಲು ಯ² ಇಟ್ಟರೆ ಎಷ್ಟು, ಯ³ ಇಟ್ಟರೆ ಎಷ್ಟು, ಹೀಗೆ. ಈ ಮೊತ್ತಗಳೇ ಮೊಮೆಂಟ್‌ಗಳು. ಇವುಗಳನ್ನು ಕೈಯಲ್ಲಿಟ್ಟುಕೊಂಡು ತೂಕದ ಹಂಚಿಕೆಯನ್ನು, ಅಂದರೆ ಮೆಷರ್ ಅನ್ನು, ಹುಡುಕುವುದೇ ಮೊಮೆಂಟ್ ಸಮಸ್ಯೆ.

ಅಂಥ ಮೆಷರ್ ಇದೆಯೇ? ಇದ್ದರೆ ಒಂದೇ ಇದೆಯೇ? ಹಲವು ಇದ್ದರೆ, ಒಂದನ್ನೂ ಬಿಡದೆ ಎಲ್ಲವನ್ನೂ ಬರೆದು ತೋರಿಸಬಹುದೇ? ಈ ಮೂರು ಪ್ರಶ್ನೆಗಳಲ್ಲಿ ಮೊದಲ ಎರಡಕ್ಕೆ ಪುಸ್ತಕಗಳಲ್ಲಿ ಬೇಕಾದಷ್ಟು ಜಾಗ ಸಿಕ್ಕಿದೆ. ಈ ಪುಟದ ಒತ್ತು ಮೂರನೆಯದರ ಮೇಲೆ.

ಸ್ಟೀಲ್ಟ್ಯೆಸ್ 1894ರಲ್ಲಿ ಅರ್ಧರೇಖೆಯ ಮೇಲೆ (ಸೊನ್ನೆಯಿಂದ ಅನಂತದವರೆಗೆ) ಈ ಸಮಸ್ಯೆ ಇಟ್ಟರು. 1920ರ ಸುಮಾರಿಗೆ ಹಾಂಬುರ್ಗರ್ ಇಡೀ ರೇಖೆಗೆ ವಿಸ್ತರಿಸಿದರು. ಮುಚ್ಚಿದ ಅಂತರದ ರೂಪಕ್ಕೆ ಹೌಸ್‌ಡಾರ್ಫ್ ಹೆಸರಿದೆ. ಮ್ಯಾಟ್ರಿಕ್ಸ್ ರೂಪವನ್ನು ಆಪರೇಟರ್‌ಗಳ (ಒಂದು ವೆಕ್ಟರ್ ಅನ್ನು ಇನ್ನೊಂದಕ್ಕೆ ಒಯ್ಯುವ ಲೀನಿಯರ್ ನಿಯಮಗಳ) ಮೂಲಕ ನೋಡಿದವರಲ್ಲಿ ಎಂ. ಜಿ. ಕ್ರೈನ್ ಮೊದಲಿಗರು. ಅದು 1949ರಲ್ಲಿ.

ಇದರಲ್ಲಿ ಮ್ಯಾಟ್ರಿಕ್ಸ್ ಎಲ್ಲಿಂದ ಬಂತು?

ತೂಕ ಬರೀ ಸಂಖ್ಯೆಯಾಗಿರಬೇಕು ಅಂತೇನಿಲ್ಲ. ರೇಖೆಯ ಪ್ರತಿ ತುಂಡಿಗೂ ಒಂದು ನ×ನ ಮ್ಯಾಟ್ರಿಕ್ಸ್ ಕೊಡಬಹುದು. ಷರತ್ತು ಒಂದೇ: ಆ ಮ್ಯಾಟ್ರಿಕ್ಸ್ ಹರ್ಮಿಷಿಯನ್ ಆಗಿರಬೇಕು (ಸಾಲು, ಕಾಲಂ ಅದಲುಬದಲು ಮಾಡಿ ಕಾಂಪ್ಲೆಕ್ಸ್ ಕಾಂಜುಗೇಟ್ ತೆಗೆದರೂ ಅದೇ ಮ್ಯಾಟ್ರಿಕ್ಸ್ ಬರಬೇಕು), ಅದರ ಐಗನ್ ಮೌಲ್ಯಗಳು ಸೊನ್ನೆಗಿಂತ ಕಡಿಮೆ ಇರಬಾರದು. ಇಂಥದ್ದನ್ನು ಇಲ್ಲಿ ಚಿಕ್ಕದಾಗಿ 'ಋಣವಲ್ಲದ ಮ್ಯಾಟ್ರಿಕ್ಸ್' ಎನ್ನೋಣ. ಆಗ ಮೆಷರ್ ಮ ಕೂಡ ಮ್ಯಾಟ್ರಿಕ್ಸ್, ಅದರ ಮೊಮೆಂಟ್‌ಗಳಾದ ಸ(0), ಸ(1), ಸ(2)… ಕೂಡ ಮ್ಯಾಟ್ರಿಕ್ಸ್‌ಗಳು.

ಹಲವು ಸಿಗ್ನಲ್‌ಗಳನ್ನು ಒಟ್ಟಿಗೆ ಅಳೆಯುವಾಗ ಇದು ತಾನಾಗಿ ಬರುತ್ತದೆ. ಕರ್ಣದ ಮೇಲಿನ ಮೆಷರ್‌ಗಳು ಪ್ರತಿ ಸಿಗ್ನಲ್‌ನ ಶಕ್ತಿ ಯಾವ ಆವರ್ತನದಲ್ಲಿ ಎಷ್ಟಿದೆ ಎಂದು ಹೇಳುತ್ತವೆ. ಕರ್ಣದ ಆಚೀಚೆ ಇರುವವು ಎರಡು ಸಿಗ್ನಲ್‌ಗಳ ನಡುವಿನ ನಂಟು. ನಂಟಿನ ಮೆಷರ್ ಋಣವೂ ಆಗಬಹುದು, ಕಾಂಪ್ಲೆಕ್ಸ್ ಕೂಡ ಆಗಬಹುದು. ಒಟ್ಟು ಮ್ಯಾಟ್ರಿಕ್ಸ್ ಮಾತ್ರ ಋಣವಲ್ಲದ್ದಾಗಿರಬೇಕು.

ಪ್ರತಿ ಎಂಟ್ರಿಯನ್ನೂ ಬೇರೆ ಬೇರೆ ಸಮಸ್ಯೆಯಾಗಿ ಬಿಡಿಸಿದರೆ ಆಗದೇ?

ಆಗುವುದಿಲ್ಲ. ಲಾಗ್‌ನಾರ್ಮಲ್ ಹಂಚಿಕೆ ತೆಗೆದುಕೊಳ್ಳಿ. ಯ ದ ಲಾಗರಿದಮ್ ಗಾಸ್ ಹಂಚಿಕೆಯಲ್ಲಿದ್ದರೆ ಯ ದ ಹಂಚಿಕೆ ಲಾಗ್‌ನಾರ್ಮಲ್. ಆ ಗಾಸ್ ಹಂಚಿಕೆಯ ಸರಾಸರಿ 0, ವೇರಿಯನ್ಸ್ 1 ಎಂದಿಟ್ಟರೆ ಅದರ ಕ ನೆಯ ಮೊಮೆಂಟ್ ಎಕ್ಸ್‌ಪೊನೆನ್ಷಿಯಲ್(ಕ²/2). ಅದರ ಸಾಂದ್ರತೆಯನ್ನು ಸೈನ್(2π ಲಾಗ್ ಯ) ದಿಂದ ಗುಣಿಸಿ. ಹೀಗೆ ಸಿಕ್ಕಿದ ಫಂಕ್ಷನ್‌ನ ಎಲ್ಲ ಮೊಮೆಂಟ್‌ಗಳೂ ಸೊನ್ನೆ! ಪರೀಕ್ಷೆ ಸುಲಭ. ಲಾಗ್ ಯ ಅನ್ನು ಹೊಸ ಚರವಾಗಿ ಮಾಡಿ, ಅದನ್ನು ಕ ಅಷ್ಟು ಸರಿಸಿ. ಕ ಪೂರ್ಣಾಂಕವಾದ್ದರಿಂದ ಸೈನ್ ಬದಲಾಗುವುದಿಲ್ಲ. ಉಳಿಯುವುದು ಬೆಸ ಫಂಕ್ಷನ್, ಅದರ ಇಂಟಿಗ್ರಲ್ ಸೊನ್ನೆ. ಈ ಬಗೆಯ ಉದಾಹರಣೆ ಸ್ಟೀಲ್ಟ್ಯೆಸ್ ಕಾಲದಿಂದಲೂ ಇದೆ.

ಈಗ 2×2 ಮೆಷರ್ ಕಟ್ಟೋಣ. ಕರ್ಣದ ಎರಡೂ ಕಡೆ ಲಾಗ್‌ನಾರ್ಮಲ್ ಸಾಂದ್ರತೆ. ಆಚೀಚೆ ಅದೇ ಸಾಂದ್ರತೆಯನ್ನು ಅ·ಸೈನ್(2π ಲಾಗ್ ಯ) ದಿಂದ ಗುಣಿಸಿ ಇಡಿ. ಅ ಎನ್ನುವುದು −1 ಮತ್ತು 1 ರ ನಡುವಿನ ಯಾವುದೇ ಸಂಖ್ಯೆ. ಮ್ಯಾಟ್ರಿಕ್ಸ್ ಋಣವಲ್ಲದ್ದು, ಏಕೆಂದರೆ ಐಗನ್ ಮೌಲ್ಯಗಳು ಸಾಂದ್ರತೆ × (1 ± ಅ·ಸೈನ್) ಎಂಬ ರೂಪದಲ್ಲಿವೆ. ಎಲ್ಲ ಮೊಮೆಂಟ್‌ಗಳೂ ಡಯಾಗನಲ್ ಮ್ಯಾಟ್ರಿಕ್ಸ್‌ಗಳು, ಅವುಗಳಲ್ಲಿ ಅ ದ ಸುಳಿವೇ ಇಲ್ಲ. ಅಂದರೆ ಮೊಮೆಂಟ್ ನೋಡಿದರೆ ಎರಡಕ್ಕೂ ನಂಟೇ ಇಲ್ಲ ಅನಿಸುತ್ತದೆ, ಮೆಷರ್‌ನಲ್ಲಿ ನಂಟಿದೆ. ಕರ್ಣದ ಎಂಟ್ರಿಗಳನ್ನು ಬೇರೆ ಬೇರೆ ಬಿಡಿಸಿ ಅಕ್ಕಪಕ್ಕ ಇಟ್ಟವರಿಗೆ ಈ ಪರಿಹಾರಗಳು ಕಾಣುವುದೇ ಇಲ್ಲ.

ಪರಿಹಾರ ಇದೆಯೇ ಎಂದು ತಿಳಿಯುವುದು ಹೇಗೆ?

ಬ್ಲಾಕ್ ಹ್ಯಾಂಕೆಲ್ ಮ್ಯಾಟ್ರಿಕ್ಸ್ ಬರೆಯಿರಿ. ಅದರ ಸಾಲು ಕ, ಕಾಲಂ ಗ ದಲ್ಲಿ ಸ(ಕ+ಗ) ಎಂಬ ಬ್ಲಾಕ್ ಕೂರುತ್ತದೆ. ಎಣಿಕೆ ಸೊನ್ನೆಯಿಂದ ಶುರು. ಎಷ್ಟೇ ದೊಡ್ಡದು ಮಾಡಿದರೂ ಅದು ಋಣವಲ್ಲದ್ದಾಗಿ ಉಳಿದರೆ ಪರಿಹಾರ ಇದೆ, ಇಲ್ಲದಿದ್ದರೆ ಇಲ್ಲ. ಈ ಷರತ್ತು ಬೇಕೇ ಬೇಕು ಎನ್ನುವುದು ಸುಲಭ: ಯಾವುದೇ ಪಾಲಿನಾಮಿಯಲ್ ವೆಕ್ಟರ್‌ನ ವರ್ಗವನ್ನು ಮೆಷರ್ ಮೇಲೆ ಇಂಟಿಗ್ರೇಟ್ ಮಾಡಿದರೆ ಋಣ ಸಂಖ್ಯೆ ಬರಲಾರದು. ಇಷ್ಟೇ ಸಾಕು ಎಂದು ತೋರಿಸುವುದಕ್ಕೆ ಆಪರೇಟರ್ ಬೇಕು.

ಸಂಖ್ಯೆಗಳ ಪಟ್ಟಿಯಿಂದ ಆಪರೇಟರ್ ಹೇಗೆ ಹುಟ್ಟುತ್ತದೆ?

ಇಡೀ ವಿಧಾನದ ಗುಟ್ಟು ಇಲ್ಲೇ ಇದೆ, ಹಾಗಾಗಿ ನಿಧಾನವಾಗಿ ನೋಡೋಣ.

ಪ್ರತಿ ಕ = 0, 1, 2… ಗೂ, ಪ್ರತಿ ಜ = 1 ರಿಂದ ನ ವರೆಗೂ ಒಂದು ವೆಕ್ಟರ್ ವ(ಕ, ಜ) ಇದೆ ಎಂದುಕೊಳ್ಳಿ. ವ(ಕ, ಜ) ಮತ್ತು ವ(ಗ, ಪ) ಗಳ ಒಳಗುಣಲಬ್ಧ ಎಷ್ಟು? ಅದು ಸ(ಕ+ಗ) ಮ್ಯಾಟ್ರಿಕ್ಸ್‌ನ (ಜ, ಪ) ಎಂಟ್ರಿ ಎಂದು ನಾವೇ ನಿಗದಿ ಮಾಡುತ್ತೇವೆ. ಹ್ಯಾಂಕೆಲ್ ಮ್ಯಾಟ್ರಿಕ್ಸ್ ಋಣವಲ್ಲದ್ದು ಎಂದರೆ ಈ ಒಳಗುಣಲಬ್ಧದಲ್ಲಿ ಯಾವ ವೆಕ್ಟರ್‌ನ ಉದ್ದವೂ ಋಣವಾಗುವುದಿಲ್ಲ. ಸೊನ್ನೆ ಉದ್ದದ ವೆಕ್ಟರ್‌ಗಳನ್ನು ಸೊನ್ನೆ ಎಂದೇ ಎಣಿಸಿ, ಉಳಿದದ್ದನ್ನು ಪೂರ್ಣಗೊಳಿಸಿ. ಒಂದು ಹಿಲ್ಬರ್ಟ್ ಸ್ಪೇಸ್, ಅಂದರೆ ಒಳಗುಣಲಬ್ಧ ಇರುವ ಪೂರ್ಣ ವೆಕ್ಟರ್ ಸ್ಪೇಸ್, ಸಿಕ್ಕಿತು. ಅದನ್ನು ಹ ಎನ್ನೋಣ.

ಈಗ ಆಪರೇಟರ್ ಟ: ವ(ಕ, ಜ) ಅನ್ನು ವ(ಕ+1, ಜ) ಗೆ ಒಯ್ಯುತ್ತದೆ, ಅಷ್ಟೇ. ಪಾಲಿನಾಮಿಯಲ್ ಭಾಷೆಯಲ್ಲಿ ಹೇಳಿದರೆ ಇದು 'ಯ ದಿಂದ ಗುಣಿಸು' ಎಂಬ ಕೆಲಸ. ಒಳಗುಣಲಬ್ಧ ಕ ಮತ್ತು ಗ ಗಳ ಮೊತ್ತವನ್ನು ಮಾತ್ರ ಅವಲಂಬಿಸಿದೆ. ಒಂದನ್ನು ಎಡಗಡೆ ಕೂಡಿದರೂ ಬಲಗಡೆ ಕೂಡಿದರೂ ಅದೇ ಉತ್ತರ. ಹಾಗಾಗಿ ಟ ಸಿಮೆಟ್ರಿಕ್.

ಇಲ್ಲಿ ಜಾಗ್ರತೆಯ ಓದುಗರು ಒಂದು ತಕರಾರು ಎತ್ತಬೇಕು. ವ ಗಳ ಒಂದು ಮೊತ್ತ ಸೊನ್ನೆಯಾದರೆ, ಟ ಹಾಕಿದ ಮೇಲೂ ಸೊನ್ನೆಯೇ ಬರುತ್ತದೆಯೇ? ಬರದಿದ್ದರೆ ಟ ಎನ್ನುವುದಕ್ಕೆ ಅರ್ಥವೇ ಇಲ್ಲ. ಬರುತ್ತದೆ. ಟ ಹಾಕಿ ಸಿಕ್ಕ ವೆಕ್ಟರ್ ಅನ್ನು ಯಾವುದೇ ವ ಜೊತೆ ಗುಣಿಸಿ. ಸಿಮೆಟ್ರಿಯಿಂದ ಟ ಅನ್ನು ಆ ಕಡೆಗೆ ದಾಟಿಸಿ. ಈ ಕಡೆ ಉಳಿದದ್ದು ಸೊನ್ನೆ ವೆಕ್ಟರ್. ಹೀಗೆ ಎಲ್ಲ ವ ಗಳಿಗೂ ಲಂಬವಾದ ವೆಕ್ಟರ್ ಸೊನ್ನೆಯೇ ಆಗಬೇಕು. ಗಮನಿಸಿ, ಹ್ಯಾಂಕೆಲ್ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ ಇರಬೇಕು ಎಂದು ನಾವು ಎಲ್ಲೂ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಈ ದಾರಿಯ ಅತಿ ದೊಡ್ಡ ಲಾಭ ಇದೇ. ಆರ್ಥೋಗನಲ್ ಪಾಲಿನಾಮಿಯಲ್‌ಗಳಿಂದ ಹೊರಟರೆ, ಹ್ಯಾಂಕೆಲ್ ಮ್ಯಾಟ್ರಿಕ್ಸ್‌ನ ರ‍್ಯಾಂಕ್ ಕಡಿಮೆಯಾದ ಕಡೆಯೆಲ್ಲಾ ಹೊಸ ಕೇಸ್ ತೆರೆಯಬೇಕಾಗುತ್ತದೆ.

ಆಪರೇಟರ್ ಸಿಕ್ಕಿತು. ಮೆಷರ್ ಎಲ್ಲಿ?

ಟ ಗೆ ಸೆಲ್ಫ್ ಅಡ್ಜಾಯಿಂಟ್ ವಿಸ್ತರಣೆ (ಟ ಯ ಕೆಲಸವನ್ನೇ ಮುಂದುವರಿಸುವ, ತನ್ನ ಅಡ್ಜಾಯಿಂಟ್‌ಗೇ ಸಮನಾದ ದೊಡ್ಡ ಆಪರೇಟರ್) ಸಿಕ್ಕರೆ ಅದರ ಸ್ಪೆಕ್ಟ್ರಲ್ ಪ್ರೊಜೆಕ್ಷನ್‌ಗಳು ಸಿಗುತ್ತವೆ, ರೇಖೆಯ ಪ್ರತಿ ತುಂಡಿಗೂ ಒಂದೊಂದು. ರೇಖೆಯ ತುಂಡು ಒಂದಕ್ಕೆ ಪ್ರೊಜೆಕ್ಷನ್ ತೆಗೆದು, ಮೊದಲ ನ ವೆಕ್ಟರ್‌ಗಳಾದ ವ(0, 1)… ವ(0, ನ) ಗಳ ನಡುವೆ ಅದನ್ನು ಇಟ್ಟು ಒಳಗುಣಲಬ್ಧ ಬರೆಯಿರಿ. ಸಿಗುವ ನ×ನ ಮ್ಯಾಟ್ರಿಕ್ಸ್ ಆ ತುಂಡಿನ ತೂಕ. ಅದರ ಕ ನೆಯ ಮೊಮೆಂಟ್ ಎಂದರೆ ಟ ಯ ಕ ನೆಯ ಘಾತವನ್ನು ಆ ವೆಕ್ಟರ್‌ಗಳ ನಡುವೆ ಇಟ್ಟದ್ದು. ಅದು ಸ(ಕ) ಯೇ.

ವಿಸ್ತರಣೆ ಹ ದ ಒಳಗೇ ಇರಬೇಕಾಗಿಲ್ಲ. ಹ ಅನ್ನು ಒಳಗೊಂಡ ಇನ್ನೂ ದೊಡ್ಡ ಸ್ಪೇಸ್‌ಗೆ ಹೋಗಬಹುದು. ದೊಡ್ಡ ಸ್ಪೇಸ್‌ಗೆ ಹೋಗಲು ಬಿಟ್ಟರೆ ಯಾವ ಸಿಮೆಟ್ರಿಕ್ ಆಪರೇಟರ್‌ಗೂ ಸೆಲ್ಫ್ ಅಡ್ಜಾಯಿಂಟ್ ವಿಸ್ತರಣೆ ಇದ್ದೇ ಇದೆ ಎಂದು ನೈಮಾರ್ಕ್ 1940ರಲ್ಲಿ ತೋರಿಸಿದರು. 'ಇಷ್ಟೇ ಸಾಕು' ಎಂಬ ಭಾಗದ ಸಾಧನೆ ಇಲ್ಲಿಗೆ ಮುಗಿಯಿತು.

ತಿರುಗಿಸಿ ನೋಡಿದರೂ ಸರಿಹೋಗುತ್ತದೆ. ಯಾವುದೇ ಪರಿಹಾರ ಮ ಕೊಡಿ. ಅದರ ಮೇಲಿನ ವರ್ಗ ಇಂಟಿಗ್ರಬಲ್ ಫಂಕ್ಷನ್‌ಗಳ ಸ್ಪೇಸ್‌ನಲ್ಲಿ 'ಯ ದಿಂದ ಗುಣಿಸು' ಎನ್ನುವ ಆಪರೇಟರ್ ಸೆಲ್ಫ್ ಅಡ್ಜಾಯಿಂಟ್. ಪಾಲಿನಾಮಿಯಲ್‌ಗಳು ಆ ಸ್ಪೇಸ್‌ನ ಒಂದು ಭಾಗ, ಆ ಭಾಗವೇ ನಮ್ಮ ಹ. ಪ್ರತಿ ಪರಿಹಾರಕ್ಕೂ ಟ ಯ ಒಂದು ಸ್ಪೆಕ್ಟ್ರಲ್ ಫಂಕ್ಷನ್ (ವಿಸ್ತರಣೆಯ ಪ್ರೊಜೆಕ್ಷನ್‌ಗಳನ್ನು ಹ ಗೆ ಇಳಿಸಿದ್ದು), ಪ್ರತಿ ಸ್ಪೆಕ್ಟ್ರಲ್ ಫಂಕ್ಷನ್‌ಗೂ ಒಂದು ಪರಿಹಾರ. ಇನ್ನು ಮುಂದೆ ಮೊಮೆಂಟ್‌ಗಳನ್ನು ಮರೆತುಬಿಡಬಹುದು. ಉಳಿದಿರುವ ಪ್ರಶ್ನೆ ಇಷ್ಟು: ಟ ಅನ್ನು ಎಷ್ಟು ಬಗೆಯಲ್ಲಿ ವಿಸ್ತರಿಸಬಹುದು?

ಪರಿಹಾರ ಒಂದೇ ಇರುವುದು ಯಾವಾಗ?

ಇದಕ್ಕೆ ಡಿಫೆಕ್ಟ್ ಸಂಖ್ಯೆಗಳು ಬೇಕು. ಕಾಂಪ್ಲೆಕ್ಸ್ ಸಮತಲದ ಮೇಲರ್ಧದ ಒಂದು ಬಿಂದು ಲ ತೆಗೆದುಕೊಳ್ಳಿ. (ಟ − ಲ) ತಲುಪಲಾಗದೆ ಬಿಟ್ಟ ದಿಕ್ಕುಗಳೆಷ್ಟು? ಆ ಎಣಿಕೆ ಪ (ಹಿಂದೆ ಎಂಟ್ರಿ ಗುರುತಿಸಲು ಬಳಸಿದ ಪ ಅಲ್ಲ). ಕೆಳಗಿನ ಅರ್ಧದ ಬಿಂದುವಿಗೆ ಅದೇ ಎಣಿಕೆ ಬ. ಬಿಂದು ಯಾವುದು ಎನ್ನುವುದು ಮುಖ್ಯವಲ್ಲ, ಯಾವ ಅರ್ಧದಲ್ಲಿದೆ ಎನ್ನುವುದಷ್ಟೇ ಮುಖ್ಯ.

ಪ ಮತ್ತು ಬ ಎರಡೂ ನ ದಾಟುವುದಿಲ್ಲ. ವ(ಕ+1, ಜ) ಎಂದರೆ ಲ·ವ(ಕ, ಜ) ಮತ್ತು (ಟ − ಲ) ತಲುಪಿದ ಒಂದು ವೆಕ್ಟರ್‌ನ ಮೊತ್ತ. ಹೀಗೆ ಒಂದೊಂದೇ ಮೆಟ್ಟಿಲು ಇಳಿದರೆ ಕೊನೆಗೆ ಉಳಿಯುವುದು ಮೊದಲ ನ ವೆಕ್ಟರ್‌ಗಳು ಮಾತ್ರ.

ಪ, ಬ ಗಳಲ್ಲಿ ಒಂದಾದರೂ ಸೊನ್ನೆಯಾದರೆ ಪರಿಹಾರ ಒಂದೇ. ಎರಡೂ ಸೊನ್ನೆಗಿಂತ ಜಾಸ್ತಿ ಇದ್ದರೆ ಪರಿಹಾರಗಳು ಅನಂತ. 'ಎರಡೂ ಸೊನ್ನೆಯಾಗಬೇಕು' ಎಂದುಕೊಳ್ಳುವವರು ಬಹಳ ಜನ, ಏಕೆಂದರೆ ನ = 1 ಇದ್ದಾಗ ಪ ಮತ್ತು ಬ ಯಾವಾಗಲೂ ಸಮ. ಮ್ಯಾಟ್ರಿಕ್ಸ್ ಕೇಸ್‌ನಲ್ಲಿ ಅವು ಬೇರೆ ಬೇರೆ ಆಗಬಹುದು. ಕೊಟ್ಟ ಮ್ಯಾಟ್ರಿಕ್ಸ್‌ಗಳೆಲ್ಲಾ ರಿಯಲ್ ಆಗಿದ್ದರೆ ಮತ್ತೆ ಸಮ, ಏಕೆಂದರೆ ಆಗ ಕಾಂಪ್ಲೆಕ್ಸ್ ಕಾಂಜುಗೇಷನ್ ಮೇಲರ್ಧವನ್ನು ಕೆಳಗಿನ ಅರ್ಧಕ್ಕೆ ತಿರುಗಿಸಿಬಿಡುತ್ತದೆ.

ಡಿಫೆಕ್ಟ್ ಲೆಕ್ಕ ಮಾಡದೆ ಮೊಮೆಂಟ್‌ಗಳನ್ನೇ ನೋಡಿ ಹೇಳಬೇಕೆಂದರೆ ಕಾರ್ಲೆಮಾನ್ 1926ರಲ್ಲಿ ಕೊಟ್ಟ ಪರೀಕ್ಷೆ ಇದೆ. ಸ(2ಕ) ದ ಪ್ರತಿ ಕರ್ಣದ ಎಂಟ್ರಿಯ (2ಕ) ನೆಯ ಮೂಲ ತೆಗೆದು, ಅದರ ವಿಲೋಮಗಳನ್ನು ಕೂಡಿ. ಪ್ರತಿ ಕರ್ಣಸ್ಥಾನದಲ್ಲೂ ಮೊತ್ತ ಅನಂತಕ್ಕೆ ಹೋದರೆ ಪರಿಹಾರ ಒಂದೇ. ಗಾಸ್ ಹಂಚಿಕೆ ಇದರಲ್ಲಿ ಪಾಸಾಗುತ್ತದೆ, ಲಾಗ್‌ನಾರ್ಮಲ್ ಆಗುವುದಿಲ್ಲ. ಆದರೆ ಪರೀಕ್ಷೆ ಒಂದೇ ದಿಕ್ಕಿನದು. ಮೊತ್ತ ಮುಗಿಯುವ ಸಂಖ್ಯೆಯಾದರೆ ಏನನ್ನೂ ಹೇಳುವಂತಿಲ್ಲ.

ಎಲ್ಲ ಪರಿಹಾರಗಳ ಸೂತ್ರ ಹೇಗಿರುತ್ತದೆ?

ಮೆಷರ್ ಅನ್ನು ನೇರವಾಗಿ ಬರೆಯುವ ಬದಲು ಅದರ ಸ್ಟೀಲ್ಟ್ಯೆಸ್ ಟ್ರಾನ್ಸ್‌ಫಾರ್ಮ್ ಬರೆಯುತ್ತಾರೆ: 1/(ಯ − ಲ) ಅನ್ನು ಮ ಮೇಲೆ ಇಂಟಿಗ್ರೇಟ್ ಮಾಡಿದ್ದು. ಇದು ಲ ದ ಅನಲಿಟಿಕ್ ಫಂಕ್ಷನ್. ಇದು ಗೊತ್ತಿದ್ದರೆ ಮೆಷರ್ ಗೊತ್ತಾದಂತೆಯೇ. ಆಪರೇಟರ್ ಕಡೆಯಿಂದ ನೋಡಿದರೆ ಇದು ವಿಸ್ತರಣೆಯ ರಿಸಾಲ್ವೆಂಟ್ (ಲ ಕಳೆದು ತೆಗೆದ ಇನ್ವರ್ಸ್), ಹ ಗೆ ಇಳಿಸಿದ್ದು. ಇದಕ್ಕೆ ಜನರಲೈಸ್ಡ್ ರಿಸಾಲ್ವೆಂಟ್ ಎಂದು ಹೆಸರು.

ಇವೆಲ್ಲವನ್ನೂ ಪಟ್ಟಿ ಮಾಡುವ ಸೂತ್ರವನ್ನು ಶ್ಟ್ರೌಸ್ 1954ರಲ್ಲಿ ಕೊಟ್ಟರು. ಮೇಲರ್ಧದಲ್ಲಿ ಬಿಟ್ಟುಹೋದ ಪ ದಿಕ್ಕುಗಳ ಜಾಗದಿಂದ ಕೆಳಗೆ ಬಿಟ್ಟುಹೋದ ಬ ದಿಕ್ಕುಗಳ ಜಾಗಕ್ಕೆ ಒಂದು ಮ್ಯಾಟ್ರಿಕ್ಸ್ ಫ(ಲ) ಆರಿಸಿಕೊಳ್ಳಿ. ಅದು ಲ ದ ಜೊತೆ ಅನಲಿಟಿಕ್ ಆಗಿ ಬದಲಾಗಬೇಕು, ಯಾವ ವೆಕ್ಟರ್‌ನ ಉದ್ದವನ್ನೂ ಹೆಚ್ಚಿಸಬಾರದು. ಇಂಥದ್ದಕ್ಕೆ ಕಾಂಟ್ರಾಕ್ಷನ್ ಎನ್ನುತ್ತಾರೆ. ಪ್ರತಿ ಲ ದಲ್ಲೂ ಫ(ಲ) ಬಳಸಿ ಟ ಯ ಡೊಮೇನ್ ಅನ್ನು (ಟ ಹಾಕಲು ಬರುವ ವೆಕ್ಟರ್‌ಗಳ ಜಾಗವನ್ನು) ಹಿಗ್ಗಿಸಿ: ಬಿಟ್ಟುಹೋದ ಪ್ರತಿ ದಿಕ್ಕು ಉ ಗೂ 'ಫ(ಲ)ಉ − ಉ' ಎಂಬ ವೆಕ್ಟರ್ ಸೇರಿಸಿ. ಹೀಗೆ ಹಿಗ್ಗಿದ ಆಪರೇಟರ್‌ನಿಂದ ಲ ಕಳೆದು ಇನ್ವರ್ಸ್ ತೆಗೆಯಿರಿ. ಸಿಗುವುದೇ ಒಂದು ಜನರಲೈಸ್ಡ್ ರಿಸಾಲ್ವೆಂಟ್. ಬೇರೆ ಫ ಕೊಟ್ಟರೆ ಬೇರೆ ಪರಿಹಾರ. ಯಾವ ಪರಿಹಾರವೂ ತಪ್ಪಿಹೋಗುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ.

ಹಿಂದಿನ ಪ್ರಶ್ನೆಯ ಉತ್ತರ ಇಲ್ಲಿ ತಾನಾಗಿ ಹೊರಬೀಳುತ್ತದೆ. ಪ ಅಥವಾ ಬ ಸೊನ್ನೆಯಾದರೆ ಫ ಆಗಲು ಸಾಧ್ಯವಿರುವುದು ಸೊನ್ನೆ ಮ್ಯಾಟ್ರಿಕ್ಸ್ ಒಂದೇ. ಆಯ್ಕೆಯೇ ಇಲ್ಲ, ಅಲ್ವಾ?

ಬ್ಲಾಕ್‌ಗಳಾಗಿ ಬಿಡಿಸಿ ಬರೆದರೆ ಮೊದಲ ನ ವೆಕ್ಟರ್‌ಗಳ ನಡುವಿನ ಉತ್ತರ 'ಅ + ಇ·ಫ·(1 + ಉ·ಫ)⁻¹·ಎ' ಎಂಬ ಆಕಾರಕ್ಕೆ ಬರುತ್ತದೆ. ಅ, ಇ, ಉ, ಎ ನಾಲ್ಕೂ ಲ ದ ಮ್ಯಾಟ್ರಿಕ್ಸ್ ಫಂಕ್ಷನ್‌ಗಳು (ಹಿಂದೆ ಬಂದ ಅ, ಉ ಗಳಲ್ಲ). ಕೊಟ್ಟ ಮೊಮೆಂಟ್‌ಗಳಿಂದಲೇ ಅವು ನಿಗದಿಯಾಗುತ್ತವೆ, ಎಲ್ಲ ಪರಿಹಾರಗಳಿಗೂ ಅವೇ. ಬದಲಾಗುವುದು ಫ ಒಂದೇ. ಹ್ಯಾಂಕೆಲ್ ಮ್ಯಾಟ್ರಿಕ್ಸ್ ಬಗ್ಗೆ ಯಾವ ಹೆಚ್ಚಿನ ಷರತ್ತೂ ಇಲ್ಲದ ಸಾಮಾನ್ಯ ಕೇಸ್‌ಗೆ ಈ ದಾರಿಯಲ್ಲಿ ಪೂರ್ಣ ವಿವರಣೆ ಕೊಟ್ಟ ಲೇಖನವೊಂದನ್ನು ಖಾರ್ಕಿವ್‌ನ ಸೆರ್ಗೈ ಜಗೊರೊಡ್ನ್ಯುಕ್ 2010ರಲ್ಲಿ ಪ್ರಕಟಿಸಿದರು.

ನೆವಾನ್‌ಲಿನ್ನಾ ಸೂತ್ರ ಇದೇನಾ?

ನ = 1, ಪ = ಬ = 1 ಇದ್ದಾಗ ಹೌದು, ವೇಷ ಬೇರೆ ಅಷ್ಟೇ. ನೆವಾನ್‌ಲಿನ್ನಾ 1922ರಲ್ಲಿ ಕೊಟ್ಟ ಸೂತ್ರದಲ್ಲಿ ನಾಲ್ಕು ಎಂಟೈರ್ (ಇಡೀ ಕಾಂಪ್ಲೆಕ್ಸ್ ಸಮತಲದಲ್ಲಿ ಅನಲಿಟಿಕ್ ಆದ) ಫಂಕ್ಷನ್‌ಗಳಿರುತ್ತವೆ. ಪ್ಯಾರಾಮೀಟರ್ ಆಗಿ ಬರುವುದು ಮೇಲರ್ಧವನ್ನು ಮೇಲರ್ಧಕ್ಕೇ ಒಯ್ಯುವ ಫಂಕ್ಷನ್, ಇಲ್ಲವೇ ಒಂದು ರಿಯಲ್ ಸ್ಥಿರ, ಇಲ್ಲವೇ ಅನಂತ. ಮೇಲರ್ಧವನ್ನು ಯೂನಿಟ್ ಡಿಸ್ಕ್‌ಗೆ ಒಯ್ಯುವ ಕೇಲಿ ಟ್ರಾನ್ಸ್‌ಫಾರ್ಮ್ ಹಾಕಿದರೆ ಅದು ಕಾಂಟ್ರಾಕ್ಷನ್ ಆಗುತ್ತದೆ. ಪ = ಬ = ನ ಇರುವ ಮ್ಯಾಟ್ರಿಕ್ಸ್ ಕೇಸ್‌ನಲ್ಲೂ ಇಂಥ ಸೂತ್ರ ಇದೆ. ಅಲ್ಲಿ ಅನಂತವನ್ನು ಒಳಗೊಳ್ಳಲು ಒಂದು ಮ್ಯಾಟ್ರಿಕ್ಸ್ ಬದಲು ಮ್ಯಾಟ್ರಿಕ್ಸ್‌ಗಳ ಜೋಡಿ ಬಳಸಬೇಕು. ನನಗೆ ಕಾಂಟ್ರಾಕ್ಷನ್ ರೂಪವೇ ಇಷ್ಟ. ಅನಂತಕ್ಕೆ ಬೇರೆ ಲೆಕ್ಕ ಇಡುವ ಕಾಟ ಇಲ್ಲ, ಪ ಮತ್ತು ಬ ಬೇರೆ ಇದ್ದಾಗಲೂ ಅದೇ ಸೂತ್ರ ನಡೆಯುತ್ತದೆ.

ಕೆಲವು ದಿಕ್ಕಿನಲ್ಲಿ ಮಾತ್ರ ಅನಿಶ್ಚಿತತೆ ಇದ್ದರೆ?

ಆಗ ಪ ಮತ್ತು ಬ ಸೊನ್ನೆಗೂ ನ ಗೂ ನಡುವೆ ಇರುತ್ತವೆ. ಉದಾಹರಣೆಗೆ 2×2 ಡಯಾಗನಲ್ ಮೊಮೆಂಟ್‌ಗಳು, ಮೊದಲ ಜಾಗದಲ್ಲಿ ಗಾಸ್ ಹಂಚಿಕೆಯ ಮೊಮೆಂಟ್, ಎರಡನೆಯದರಲ್ಲಿ ಲಾಗ್‌ನಾರ್ಮಲ್ ಮೊಮೆಂಟ್. ಹ ಎರಡು ಭಾಗವಾಗಿ ಒಡೆಯುತ್ತದೆ. ಮೊದಲ ಭಾಗದಲ್ಲಿ ಟ ಆಗಲೇ ಸೆಲ್ಫ್ ಅಡ್ಜಾಯಿಂಟ್ (ಕ್ಲೋಷರ್ ತೆಗೆದ ಮೇಲೆ), ಎರಡನೆಯದರಲ್ಲಿ ಡಿಫೆಕ್ಟ್ (1, 1). ಒಟ್ಟು (1, 1).

ಈಗ ಪ್ರಶ್ನೆ: ಕರ್ಣದ ಆಚೀಚೆ ಸೊನ್ನೆಯಲ್ಲದ, ಆದರೆ ಮೊಮೆಂಟ್ ಸೊನ್ನೆಯಾದ ಮೆಷರ್ ಬರಬಹುದೇ? ಮೊದಲು ಎರಡು ಲಾಗ್‌ನಾರ್ಮಲ್ ಇಟ್ಟಾಗ ಬಂದಿತ್ತು. ಇಲ್ಲಿ ಬರುವುದಿಲ್ಲ. ಎಷ್ಟೇ ದೊಡ್ಡ ಸ್ಪೇಸ್‌ಗೆ ಹೋದರೂ, ಆಗಲೇ ಸೆಲ್ಫ್ ಅಡ್ಜಾಯಿಂಟ್ ಆಗಿರುವ ಭಾಗವನ್ನು ವಿಸ್ತರಣೆ ಮುಟ್ಟಲಾರದು, ಅದು ಬೇರೆಯಾಗಿಯೇ ಉಳಿಯುತ್ತದೆ. ಹಾಗಾಗಿ ಆಚೀಚಿನ ಮೆಷರ್ ಸೊನ್ನೆಯೇ. ಇದನ್ನು ಇಂಟಿಗ್ರಲ್‌ಗಳ ಜೊತೆ ಗುದ್ದಾಡಿ ತೋರಿಸಲು ಹೊರಟರೆ ಎಷ್ಟು ಒದ್ದಾಟ ಎಂದು ಪ್ರಯತ್ನಿಸಿ ನೋಡಿ. ಆಪರೇಟರ್ ಚಿತ್ರದಲ್ಲಿ ಇದು ಎರಡು ಸಾಲಿನ ಮಾತು.

ಕೆನಾನಿಕಲ್ ಪರಿಹಾರ ಎಂದರೆ ಯಾವುದು?

ಹ ದಿಂದ ಹೊರಗೆ ಹೋಗದೆ, ಒಳಗೇ ಮಾಡಿದ ವಿಸ್ತರಣೆಯಿಂದ ಬಂದದ್ದು. ಫ(ಲ) ಸ್ಥಿರವಾಗಿದ್ದು ಯೂನಿಟರಿ (ಉದ್ದ ಬದಲಿಸದ, ಇನ್ವರ್ಸ್ ಇರುವ ಮ್ಯಾಟ್ರಿಕ್ಸ್) ಆಗಿದ್ದರೆ ಹೀಗಾಗುತ್ತದೆ. ಹಾಗಾಗಿ ಪ = ಬ ಇರಲೇಬೇಕು. ಬೇರೆ ಬೇರೆ ಇದ್ದರೆ ಕೆನಾನಿಕಲ್ ಪರಿಹಾರವೇ ಇಲ್ಲ. ಇನ್ನೊಂದು ಗುರುತು: ಆ ಮೆಷರ್‌ನ ವರ್ಗ ಇಂಟಿಗ್ರಬಲ್ ಸ್ಪೇಸ್‌ನಲ್ಲಿ ಪಾಲಿನಾಮಿಯಲ್‌ಗಳು ಡೆನ್ಸ್, ಅಂದರೆ ಯಾವ ಫಂಕ್ಷನ್‌ಗೂ ಬೇಕಾದಷ್ಟು ಹತ್ತಿರ ಹೋಗಬಲ್ಲವು.

ಮೊಮೆಂಟ್‌ಗಳು ಕೆಲವೇ ಗೊತ್ತಿದ್ದರೆ?

ನಿಜವಾದ ಬಳಕೆಯಲ್ಲಿ ಯಾವಾಗಲೂ ಇದೇ ಸ್ಥಿತಿ. ಅನಂತ ಮೊಮೆಂಟ್ ಯಾರ ಕೈಯಲ್ಲೂ ಇರುವುದಿಲ್ಲ. ಇದಕ್ಕೆ ಟ್ರಂಕೇಟೆಡ್ ಸಮಸ್ಯೆ ಎನ್ನುತ್ತಾರೆ. ಇಲ್ಲಿ ಒಂದು ಹಳ್ಳ ಇದೆ. ನ = 1 ಇಟ್ಟು, ಮೊಮೆಂಟ್‌ಗಳು 1, 0, 0, 0, 1 ಎಂದು ಕೊಡಿ. ಹ್ಯಾಂಕೆಲ್ ಮ್ಯಾಟ್ರಿಕ್ಸ್ 3×3, ಕರ್ಣದಲ್ಲಿ 1, 0, 1, ಉಳಿದದ್ದೆಲ್ಲಾ ಸೊನ್ನೆ. ಋಣವಲ್ಲದ್ದು, ಸರಿ. ಆದರೆ ಯ² ನ ಮೊತ್ತ ಸೊನ್ನೆ ಎಂದರೆ ತೂಕವೆಲ್ಲಾ ಸೊನ್ನೆ ಬಿಂದುವಿನಲ್ಲೇ ಇದೆ. ಆಗ ನಾಲ್ಕನೆಯ ಮೊಮೆಂಟ್ 1 ಆಗುವುದು ಹೇಗೆ? ಪರಿಹಾರ ಇಲ್ಲ. ಅನಂತ ಪಟ್ಟಿಯಲ್ಲಿ ಈ ತಪ್ಪು ಮುಂದಿನ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತಿತ್ತು. ಆರನೆಯ ಮೊಮೆಂಟ್ ಎಷ್ಟೇ ಇರಲಿ, 4×4 ಹ್ಯಾಂಕೆಲ್ ಒಳಗೆ 0, 1, 1 ಮತ್ತು ಅದು ಸೇರಿದ 2×2 ತುಂಡಿನ ಡಿಟರ್ಮಿನೆಂಟ್ −1. ಅರ್ಧಕ್ಕೆ ನಿಲ್ಲಿಸಿದಾಗ ಹಿಡಿಯುವವರು ಯಾರೂ ಇಲ್ಲ. ಆಪರೇಟರ್ ಭಾಷೆಯಲ್ಲಿ, ಟ ಸರಿಯಾಗಿ ಡಿಫೈನ್ ಆಗಲಿಲ್ಲ: ವ(1) ಸೊನ್ನೆ, ಟ ಹಾಕಿದರೆ ಸೊನ್ನೆಯಲ್ಲದ ವ(2). ಮೊದಲು ಎತ್ತಿದ ತಕರಾರು ಇಲ್ಲಿ ನಿಜವಾಗಿ ಕಚ್ಚುತ್ತದೆ.

ಇನ್ನೊಂದು ವ್ಯತ್ಯಾಸ ಟ ಯ ಡೊಮೇನ್‌ನದು. ಕೊನೆಯ ವೆಕ್ಟರ್‌ಗೆ ಮುಂದಿನದು ಇಲ್ಲವಾದ್ದರಿಂದ ಡೊಮೇನ್ ಇಡೀ ಹ ಅನ್ನು ತುಂಬದೇ ಇರಬಹುದು. ಆಗ ಎಲ್ಲ ಫ ಗಳೂ ನಡೆಯುವುದಿಲ್ಲ, ಅಡ್ಮಿಸಿಬಲ್ ಎಂಬ ಹೆಚ್ಚಿನ ಷರತ್ತು ಪಾಲಿಸುವ ಫ ಮಾತ್ರ ನಡೆಯುತ್ತವೆ.

ಕೈಯಲ್ಲೇ ಮಾಡಬಹುದಾದ ಒಂದು ಪೂರ್ಣ ಉದಾಹರಣೆ ಕೊಡಿ.

ನ = 1, ಮೊಮೆಂಟ್‌ಗಳು 1, 0, 1. ಅಂದರೆ ಒಟ್ಟು ತೂಕ 1, ಸರಾಸರಿ 0, ವೇರಿಯನ್ಸ್ 1. ಇಂಥ ಎಲ್ಲ ಹಂಚಿಕೆಗಳ ಸ್ಟೀಲ್ಟ್ಯೆಸ್ ಟ್ರಾನ್ಸ್‌ಫಾರ್ಮ್ ಹೀಗಿದೆ:

−1 / (ಲ + ತ(ಲ))

ಇಲ್ಲಿ ತ(ಲ) ಎನ್ನುವುದು ಒಟ್ಟು ತೂಕ 1 ಇರುವ ಯಾವುದೇ ಮೆಷರ್‌ನ ಟ್ರಾನ್ಸ್‌ಫಾರ್ಮ್. ಎಂಥದ್ದನ್ನಾದರೂ ಹಾಕಿ, ಉತ್ತರ ಸರಿಯಾಗಿಯೇ ಬರುತ್ತದೆ. ಈ ತ ದ ತೂಕವೆಲ್ಲಾ ಒಂದೇ ಬಿಂದು ಚ ದಲ್ಲಿದ್ದರೆ ಪರಿಹಾರ ಎರಡು ಬಿಂದುಗಳ ಮೇಲೆ ನಿಲ್ಲುತ್ತದೆ. ಅವು ಲ² − ಚಲ − 1 = 0 ಸಮೀಕರಣದ ಮೂಲಗಳು. ಚ = 0 ಇಟ್ಟರೆ +1 ಮತ್ತು −1, ತಲಾ ಅರ್ಧ ತೂಕ. ಚ = 3/2 ಇಟ್ಟರೆ 2 ಮತ್ತು −1/2, ತೂಕ 1/5 ಮತ್ತು 4/5. ಸರಾಸರಿ 2/5 − 2/5 = 0. ವೇರಿಯನ್ಸ್ 4/5 + 1/5 = 1. ಇವು ಕೆನಾನಿಕಲ್ ಪರಿಹಾರಗಳು. ಇಲ್ಲಿ ಹ ಕ್ಕೆ ಎರಡೇ ಆಯಾಮ, ಹಾಗಾಗಿ ಎರಡೇ ಬಿಂದು.

ಅರ್ಧರೇಖೆ, ಮುಚ್ಚಿದ ಅಂತರ, ವೃತ್ತ: ಇವುಗಳಿಗೂ ಇದೇ ದಾರಿಯೇ?

ಹೌದು, ಆಪರೇಟರ್‌ನ ಸ್ವಭಾವ ಬದಲಾಗುತ್ತದೆ. ಅರ್ಧರೇಖೆಯಲ್ಲಿ ಸ(ಕ+ಗ+1) ಇಂದ ಕಟ್ಟಿದ ಎರಡನೆಯ ಹ್ಯಾಂಕೆಲ್ ಕೂಡ ಋಣವಲ್ಲದ್ದಾಗಿರಬೇಕು. ಅಂದರೆ ಟ ಋಣವಲ್ಲದ ಆಪರೇಟರ್, ಅದರ ವಿಸ್ತರಣೆಯೂ ಹಾಗೇ ಇರಬೇಕು. ಇಂಥ ವಿಸ್ತರಣೆಗಳಲ್ಲಿ ಅತಿ ದೊಡ್ಡದು ಫ್ರೀಡ್ರಿಕ್ಸ್ ಹೆಸರಿನದು, ಅತಿ ಚಿಕ್ಕದು ಕ್ರೈನ್ ಹೆಸರಿನದು. ಮುಚ್ಚಿದ ಅಂತರದಲ್ಲಿ ಪೂರ್ತಿ ಪಟ್ಟಿ ಕೊಟ್ಟರೆ ಟ ಬೌಂಡೆಡ್, ಪರಿಹಾರ ಒಂದೇ. ಟ್ರಂಕೇಟೆಡ್ ಆದಾಗ ಮಾತ್ರ ಅಲ್ಲಿ ಕೆಲಸ ಇದೆ. ವೃತ್ತದ ಮೇಲೆ ಹ್ಯಾಂಕೆಲ್ ಬದಲು ಟಾಪ್ಲಿಟ್ಜ್ ಮ್ಯಾಟ್ರಿಕ್ಸ್ (ಕ+ಗ ಬದಲು ಕ−ಗ ವನ್ನು ಅವಲಂಬಿಸಿದ್ದು), ಸಿಮೆಟ್ರಿಕ್ ಬದಲು ಐಸೊಮೆಟ್ರಿಕ್ (ಉದ್ದ ಬದಲಿಸದ) ಆಪರೇಟರ್, ಸೆಲ್ಫ್ ಅಡ್ಜಾಯಿಂಟ್ ಬದಲು ಯೂನಿಟರಿ ವಿಸ್ತರಣೆ.

ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡಬಹುದೇ?

ಮೊಮೆಂಟ್‌ಗಳಿಂದಲೇ ನೇರವಾಗಿ ಶುರು ಮಾಡಿದರೆ ಬೇಗ ಮುಗ್ಗರಿಸುತ್ತೀರಿ. 0 ಇಂದ 1 ರವರೆಗೆ ಸಮನಾಗಿ ಹರಡಿದ ತೂಕದ ಹ್ಯಾಂಕೆಲ್ ಮ್ಯಾಟ್ರಿಕ್ಸ್ ಎಂದರೆ ಪ್ರಸಿದ್ಧ ಹಿಲ್ಬರ್ಟ್ ಮ್ಯಾಟ್ರಿಕ್ಸ್. ಬರೀ 10×10 ಗಾತ್ರದಲ್ಲೇ ಅದರ ಕಂಡೀಷನ್ ನಂಬರ್ (ಲೆಕ್ಕದಲ್ಲಿ ತಪ್ಪು ಎಷ್ಟು ಪಟ್ಟು ಹಿಗ್ಗಬಹುದು ಎಂಬ ಅಳತೆ) ಸುಮಾರು 1.6 × 10¹³. ಮಾಮೂಲಿ ಡಬಲ್ ಪ್ರಿಸಿಷನ್‌ನ 16 ಅಂಕಿಗಳಲ್ಲಿ ಹೆಚ್ಚಿನವು ಕರಗಿಹೋಗುತ್ತವೆ. ಆಪರೇಟರ್ ಕೈಯಲ್ಲಿದ್ದರೆ, ಅಂದರೆ ದೊಡ್ಡ ಹರ್ಮಿಷಿಯನ್ ಮ್ಯಾಟ್ರಿಕ್ಸ್ ಒಂದು ನಿಮ್ಮ ಬಳಿ ಇದ್ದರೆ, ಮೊಮೆಂಟ್ ಲೆಕ್ಕ ಮಾಡಲೇಬೇಡಿ. ಬ್ಲಾಕ್ ಲಾಂಜೋಸ್ ವಿಧಾನ ಬಳಸಿ. ಅದು ಟ ಅನ್ನು ಬ್ಲಾಕ್ ಟ್ರೈಡಯಾಗನಲ್ ರೂಪದಲ್ಲಿ ಕೊಡುತ್ತದೆ, ಮೊಮೆಂಟ್‌ಗಳನ್ನು ಮುಟ್ಟುವುದೇ ಇಲ್ಲ.

ಓದಲು ಏನೇನು ಗೊತ್ತಿರಬೇಕು?

ಹಿಲ್ಬರ್ಟ್ ಸ್ಪೇಸ್, ಸ್ಪೆಕ್ಟ್ರಲ್ ಥಿಯರಂ, ಫಾನ್ ನಾಯ್ಮನ್ ಅವರ ವಿಸ್ತರಣಾ ಸಿದ್ಧಾಂತ. ಎಂ.ಎಸ್ಸಿ. ಮಟ್ಟದ ಫಂಕ್ಷನಲ್ ಅನಾಲಿಸಿಸ್ ಆಗಿದ್ದರೆ ಶುರು ಮಾಡಬಹುದು. ನ = 1 ಅನ್ನು ಬಿಟ್ಟು ಸೀದಾ ಮ್ಯಾಟ್ರಿಕ್ಸ್‌ಗೆ ಹಾರಬೇಡಿ.

ಯ ಜೊತೆಗೆ ಇನ್ನೊಂದು ಚರ ಸೇರಿಸಿ, ಸಮತಲದ ಮೇಲೆ ಮಾಡಿದರೆ?

ಅಲ್ಲಿ ಚಿತ್ರವೇ ಬದಲಾಗುತ್ತದೆ. ಈಗ ಎರಡು ಸಿಮೆಟ್ರಿಕ್ ಆಪರೇಟರ್‌ಗಳು ಬರುತ್ತವೆ, ಒಂದು ಯ ದಿಂದ ಗುಣಿಸುವುದು, ಇನ್ನೊಂದು ರ ದಿಂದ ಗುಣಿಸುವುದು. ಪಾಲಿನಾಮಿಯಲ್‌ಗಳ ಮೇಲೆ ಅವು ಕಮ್ಯೂಟ್ ಆಗುತ್ತವೆ, ಅಂದರೆ ಯಾವುದನ್ನು ಮೊದಲು ಹಾಕಿದರೂ ಅದೇ ಉತ್ತರ. ಅಷ್ಟು ಸಾಲದು. ಎರಡಕ್ಕೂ ಒಟ್ಟಿಗೆ ಸೆಲ್ಫ್ ಅಡ್ಜಾಯಿಂಟ್ ವಿಸ್ತರಣೆ ಸಿಗಬೇಕು, ಅವುಗಳ ಸ್ಪೆಕ್ಟ್ರಲ್ ಪ್ರೊಜೆಕ್ಷನ್‌ಗಳೂ ಕಮ್ಯೂಟ್ ಆಗಬೇಕು. ಇದು ತಾನಾಗಿ ಆಗುವುದಿಲ್ಲ ಎಂದು ತೋರಿಸುವ ಉದಾಹರಣೆಯನ್ನು ನೆಲ್ಸನ್ 1959ರಲ್ಲೇ ಕೊಟ್ಟಿದ್ದರು.

ಹ್ಯಾಂಕೆಲ್ ಪರೀಕ್ಷೆಯೂ ಅಲ್ಲಿ ಸೋಲುತ್ತದೆ. ಒಂದು ಚರದಲ್ಲಿ ಎಲ್ಲೂ ಋಣವಾಗದ ಪಾಲಿನಾಮಿಯಲ್ ವರ್ಗಗಳ ಮೊತ್ತವಾಗಿರುತ್ತದೆ, ಮ್ಯಾಟ್ರಿಕ್ಸ್ ಪಾಲಿನಾಮಿಯಲ್‌ಗೂ ಇದೇ ಮಾತು ನಿಲ್ಲುತ್ತದೆ. ಎರಡು ಚರದಲ್ಲಿ ಹಾಗಲ್ಲ ಎಂದು ಹಿಲ್ಬರ್ಟ್ 1888ರಲ್ಲಿ ಸಾಧಿಸಿದರು. ಕೈಗೆ ಸಿಗುವ ಉದಾಹರಣೆ ಬಂದದ್ದು 1967ರಲ್ಲಿ, ಮಾಟ್ಸ್‌ಕಿನ್ ಅವರಿಂದ: ಯ⁴ರ² + ಯ²ರ⁴ − 3ಯ²ರ² + 1. ಇದು ಎಲ್ಲೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಆದರೂ ವರ್ಗಗಳ ಮೊತ್ತವಲ್ಲ. ಹಾಗಾಗಿ ಎರಡು ಚರದ ಹ್ಯಾಂಕೆಲ್ ಎಷ್ಟೇ ದೊಡ್ಡದಾಗಿ ಋಣವಲ್ಲದ್ದಾಗಿದ್ದರೂ, ಮೆಷರ್ ಇಲ್ಲದ ಮೊಮೆಂಟ್ ಪಟ್ಟಿಗಳಿವೆ. 1979ರಲ್ಲಿ ಶ್ಮುಡ್ಗೆನ್ ಒಂದು ಕಡೆ, ಬರ್ಗ್, ಕ್ರಿಸ್ಟೆನ್ಸನ್ ಮತ್ತು ಯೆನ್ಸನ್ ಇನ್ನೊಂದು ಕಡೆ ಇದನ್ನು ತೋರಿಸಿದರು.